ಕೆಲಸವೇ ಪಾಠ, ಕೆಲಸವೇ ಪರೀಕ್ಷೆ: ಮಾಧ್ಯಮ ನಿರ್ಮಾಣದ ವೃತ್ತಿಶಿಕ್ಷಣ ಕುರಿತ ಒಂದು ಸಮೀಕ್ಷೆ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಹೊರಬಿದ್ದ ಮೇಲಿನ ವಾರಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದು ಮಾತುಕತೆ ತಪ್ಪದೆ ನಡೆಯುತ್ತದೆ. ಮಗಳು ಎಡಿಟಿಂಗ್ ಕಲಿಯುತ್ತೇನೆ ಎನ್ನುತ್ತಾಳೆ. ಮಗ ಕ್ಯಾಮೆರಾ, ಇಲ್ಲವೇ ಅನಿಮೇಷನ್ ಎನ್ನುತ್ತಾನೆ. ‘ಅದಕ್ಕೂ ಕಾಲೇಜು ಬೇಕಾ? ಯೂಟ್ಯೂಬ್ ನೋಡಿದರೆ ಬರುವುದಿಲ್ಲವಾ?’ ಎಂದು ಒಬ್ಬರು ಕೇಳಿದರೆ, ‘ಅದರಿಂದ ಹೊಟ್ಟೆ ತುಂಬುತ್ತಾ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಸಿನಿಮಾ, ಟಿವಿ, ಜಾಹೀರಾತು, ವೆಬ್ ಸರಣಿ, ಗೇಮ್, ಮದುವೆ ವಿಡಿಯೊ ಎಲ್ಲವೂ ಸೇರಿ ದೊಡ್ಡ ದುಡಿಮೆಯ ಲೋಕವೊಂದು ನಮ್ಮ ಕಣ್ಣೆದುರೇ ಬೆಳೆದಿದೆ. ಅದಕ್ಕೆ ಕೈಗಳನ್ನು ಸಿದ್ಧಪಡಿಸುವ ಶಿಕ್ಷಣ ಹೇಗಿರಬೇಕು ಎಂಬ ಚರ್ಚೆ ಮಾತ್ರ ಅಷ್ಟು ಬೆಳೆದಿಲ್ಲ.

ಈ ಬಗೆಯ ಕೋರ್ಸ್‌ಗಳು ನಮ್ಮಲ್ಲಿ ಎಲ್ಲಿಂದ ಬಂದವು, ಈಗ ಯಾವ ರೂಪದಲ್ಲಿವೆ, ಬೇರೆ ದೇಶಗಳಲ್ಲಿ ಹೇಗೆ ನಡೆಯುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಹೀಗೆ ನೋಡಿದಾಗ ನನಗೆ ಖಚಿತವಾಗುವುದು ಇಷ್ಟು: ಕೆಲಸವನ್ನೇ ಪಾಠವಾಗಿ, ಕೆಲಸವನ್ನೇ ಪರೀಕ್ಷೆಯಾಗಿ ಮಾಡಿಕೊಂಡ ಕಡೆಯೆಲ್ಲ ವೃತ್ತಿಶಿಕ್ಷಣ ಕಲಾವಿದರನ್ನು ಕೊಟ್ಟಿದೆ. ಉತ್ತರಪತ್ರಿಕೆಗೆ ಶರಣಾದ ಕಡೆ ಅದು ಬರೀ ಸರ್ಟಿಫಿಕೇಟ್ ಕೊಟ್ಟಿದೆ.

1943ರ ಬೆಂಗಳೂರು

ಸಿನಿಮಾ ಶಿಕ್ಷಣ ಎಂದಾಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಮೊದಲು ನೆನಪಾಗುತ್ತದೆ. ಅದು ಶುರುವಾದದ್ದು 1960ರಲ್ಲಿ. ಅದಕ್ಕೂ 17 ವರ್ಷ ಮೊದಲು, 1943ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತೆರೆಯಿತು. ಇಂದು ನಾವು ಎಸ್‌ಜೆಪಿ ಎಂದು ಕರೆಯುವ ಪಾಲಿಟೆಕ್ನಿಕ್ ಅದೇ. ದುಡಿಮೆಗೆ ದಾರಿಯಾಗುವ ವಿದ್ಯೆ ಕಲಿಸುವುದೇ ಅದರ ಗುರಿ. ಅಲ್ಲಿನ ವಿಷಯಗಳ ಸಾಲಿನಲ್ಲಿ ಸಿನಿಮಾ ಛಾಯಾಗ್ರಹಣಕ್ಕೂ ಶಬ್ದಗ್ರಹಣಕ್ಕೂ ಜಾಗ ಸಿಕ್ಕಿತು. ಚಲನಚಿತ್ರವನ್ನು ಗೌರವದ ಕಸುಬು ಎಂದು ಒಪ್ಪಲು ಮಧ್ಯಮವರ್ಗದ ಮನೆಗಳು ಹಿಂಜರಿಯುತ್ತಿದ್ದ ಕಾಲದಲ್ಲಿ, ಒಂದು ಸಂಸ್ಥಾನ ಅದನ್ನು ತಾಂತ್ರಿಕ ವಿದ್ಯೆಯೆಂದು ಮಾನ್ಯ ಮಾಡಿತ್ತು.

ಮೈಸೂರಿನ ಹುಡುಗ ವಿ. ಕೆ. ಮೂರ್ತಿ ಅಲ್ಲಿ ಓದಿ 1946ರಲ್ಲಿ ಡಿಪ್ಲೊಮಾ ಪಡೆದರು. ಮುಂಬೈಗೆ ಹೋಗಿ ಸಹಾಯಕರಾಗಿ ದುಡಿದರು. ಸ್ವತಂತ್ರವಾಗಿ ಕ್ಯಾಮೆರಾ ಹಿಡಿದದ್ದು 1952ರ ‘ಜಾಲ್’ ಚಿತ್ರಕ್ಕೆ. ಅಂದರೆ ಡಿಪ್ಲೊಮಾ ನಂತರವೂ ಸುಮಾರು ಆರು ವರ್ಷ ಇನ್ನೊಬ್ಬರ ಕೈಕೆಳಗೆ ಕಲಿತಿದ್ದಾರೆ. ಗುರುದತ್ತರ ‘ಪ್ಯಾಸಾ’ (1957), ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ (1959), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಆಮೇಲೆ ಬಂದವು. ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೊದ ಕತ್ತಲನ್ನು ಸೀಳಿಕೊಂಡು ಬರುವ ಬೆಳಕಿನ ಕೋಲು ಇಂದಿಗೂ ಛಾಯಾಗ್ರಹಣದ ಪಾಠವಾಗಿದೆ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಕ್ಕೆ ತಂದು ಮೂರ್ತಿ ಅದನ್ನು ಸಾಧಿಸಿದ್ದರು. ಹೈಸ್ಕೂಲಿನಲ್ಲಿ ಓದುವ ಪ್ರತಿಫಲನದ ನಿಯಮ ಅಲ್ಲಿ ಒಂಟಿತನದ ಚಿತ್ರವಾಯಿತು. ವಿಜ್ಞಾನ ತಿಳಿದ ಕೈಗೆ ಕಲ್ಪನೆ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು.

ಅದೇ ಕೋರ್ಸ್ ಹುಡುಕಿಕೊಂಡು ಬಂದ ಗೋವಿಂದ ನಿಹಲಾನಿ 1962ರಲ್ಲಿ ಡಿಪ್ಲೊಮಾ ಮುಗಿಸಿ ಮೂರ್ತಿಯವರಿಗೇ ಸಹಾಯಕರಾದರು. ಗಿರೀಶ ಕಾರ್ನಾಡರ ‘ಕಾಡು’ (1973), ಶ್ಯಾಮ್ ಬೆನಗಲ್‌ರ ‘ಅಂಕುರ್’ (1974) ಚಿತ್ರಗಳನ್ನು ಸೆರೆಹಿಡಿದದ್ದು ಅವರ ಕ್ಯಾಮೆರಾ. ಮುಂದೆ ಅವರೇ ನಿರ್ದೇಶಕರಾಗಿ ‘ತಮಸ್’ ಮಾಡಿದಾಗ ಕ್ಯಾಮೆರಾ ಹಿಂದೆ ಮೂರ್ತಿ ಇದ್ದರು. ಒಂದು ಪಾಲಿಟೆಕ್ನಿಕ್‌ನ ಇಬ್ಬರು ಡಿಪ್ಲೊಮಾ ವಿದ್ಯಾರ್ಥಿಗಳು, ಗುರುಶಿಷ್ಯರಾಗಿ, ಭಾರತೀಯ ಸಿನಿಮಾದ ಎರಡು ಬೇರೆ ಬೇರೆ ಯುಗಗಳಿಗೆ ಬೆಳಕು ಕೊಟ್ಟರು. ಕೋರ್ಸ್ ಬುನಾದಿ ಹಾಕಿತು, ಯೂನಿಟ್ ಅದರ ಮೇಲೆ ಗೋಡೆ ಎಬ್ಬಿಸಿತು. ಇವೆರಡರಲ್ಲಿ ಯಾವುದು ತಪ್ಪಿದ್ದರೂ ಆ ಚಿತ್ರಗಳು ನಮಗೆ ಸಿಗುತ್ತಿರಲಿಲ್ಲ.

ಹೆಗ್ಗೋಡಿನ ಪಾಠ

ಇನ್ನೊಂದು ಉದಾಹರಣೆ ಸಾಗರ ತಾಲ್ಲೂಕಿನ ಹೆಗ್ಗೋಡಿನದು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1973ರಲ್ಲಿ ನೀನಾಸಂ ಚಿತ್ರಸಮಾಜ, 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ಶುರುವಾದವು. ರಂಗಶಿಕ್ಷಣ ಕೇಂದ್ರದ್ದು ಒಂದು ವರ್ಷಕ್ಕೂ ಕಡಿಮೆ ಅವಧಿಯ ಡಿಪ್ಲೊಮಾ. ವಿದ್ಯಾರ್ಥಿಗಳು ಅಲ್ಲೇ ಉಳಿದು ನಟನೆ, ಬೆಳಕು, ರಂಗಸಜ್ಜಿಕೆ, ಪ್ರಸಾಧನ, ನಾಟಕ ಸಾಹಿತ್ಯ ಎಲ್ಲವನ್ನೂ ಕಲಿಯುತ್ತಾರೆ. ಕಲಿತದ್ದು ಪ್ರಯೋಗಗಳ ರೂಪದಲ್ಲಿ ಪ್ರೇಕ್ಷಕರ ಮುಂದೆ ಬರುತ್ತದೆ. ಕೋರ್ಸ್ ಮುಗಿದ ಮೇಲೆ ತಿರುಗಾಟದ ತಂಡ ಸೇರಿದವರು ಊರೂರು ಸುತ್ತುತ್ತಾರೆ. ಇಂದು ತೆರೆಯ ಮೇಲೆ ನಾವು ನೋಡುವ ಮಂಡ್ಯ ರಮೇಶ್, ಅಚ್ಯುತ್ ಕುಮಾರ್ ಅವರಂಥ ನಟರು ಈ ಪರಂಪರೆಯಿಂದ ಬಂದವರು.

ಇದು ರಂಗಭೂಮಿಯ ಕೋರ್ಸ್, ಮಾಧ್ಯಮ ನಿರ್ಮಾಣದ್ದಲ್ಲ ಎಂದು ಬದಿಗಿಡಬಾರದು. ವೃತ್ತಿಶಿಕ್ಷಣಕ್ಕೆ ಬೇಕಾದ ಎಲ್ಲ ಗುಣಗಳೂ ಅಲ್ಲಿ ಒಟ್ಟಾಗಿವೆ. ಪಾಠ ಕನ್ನಡದಲ್ಲಿದೆ. ಬೆಳಕು ನಿರ್ವಹಿಸುವವರಿಗೂ ನಾಟಕದ ಅರ್ಥ ಗೊತ್ತಿರುತ್ತದೆ. ಕಲಿಕೆಯ ಕೊನೆಗೆ ಪರೀಕ್ಷಾ ಕೊಠಡಿ ಇಲ್ಲ, ಪ್ರೇಕ್ಷಕರಿದ್ದಾರೆ. ಕಲಿತವರಿಗೆ ತಕ್ಷಣ ದುಡಿಯಲು ಒಂದು ತಂಡವಿದೆ. ಹಳ್ಳಿಯೊಂದರಲ್ಲಿ, ಮಿತವಾದ ಸಾಧನಗಳಲ್ಲಿ ಇದು ಸಾಧ್ಯವಾಗಿದೆ ಎಂಬುದೇ, ದುಬಾರಿ ಉಪಕರಣ ಇಲ್ಲದೆ ಏನೂ ಆಗದು ಎನ್ನುವವರಿಗೆ ಉತ್ತರ.

ಇಂದಿನ ದಾರಿಗಳು

ಈಗ ಕರ್ನಾಟಕದ ವಿದ್ಯಾರ್ಥಿಯ ಮುಂದೆ ಏನೇನಿದೆ? ಎಸ್‌ಜೆಪಿಯ ಸಿನಿಮಾ ವಿಭಾಗ ಮುಂದೆ ಹೆಸರಘಟ್ಟಕ್ಕೆ ಹೋಗಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಯಿತು. ಛಾಯಾಗ್ರಹಣ ಮತ್ತು ಶಬ್ದಗ್ರಹಣದ ಡಿಪ್ಲೊಮಾ ಪರಂಪರೆ ಅಲ್ಲಿ ಮುಂದುವರಿದಿದೆ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಅಂದರೆ ಕಾವಾ, ಚಿತ್ರಕಲೆ ಶಿಲ್ಪಗಳ ಜೊತೆಗೆ ಛಾಯಾಚಿತ್ರ ಕಲೆಯನ್ನೂ ಕಲಿಸುತ್ತದೆ. ಐಟಿಐ ವ್ಯವಸ್ಥೆಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಜೊತೆಗೆ ಡಿಜಿಟಲ್ ಫೋಟೊಗ್ರಾಫರ್, ಮಲ್ಟಿಮೀಡಿಯಾ ಅನಿಮೇಷನ್ ಎಂಬ ಟ್ರೇಡ್‌ಗಳೂ ಇವೆ. ಇದು ಅನೇಕ ಪೋಷಕರಿಗೆ ತಿಳಿದೇ ಇಲ್ಲ.

ಪದವಿ ಮಟ್ಟದಲ್ಲಿ, ಯುಜಿಸಿ 2014ರಲ್ಲಿ ತಂದ ಬಿ.ವೋಕ್. ಇದೆ. ಇದರಲ್ಲಿ ಶೇ 60ರಷ್ಟು ಭಾಗ ಕೌಶಲಕ್ಕೆ, ಶೇ 40ರಷ್ಟು ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಒಂದು ವರ್ಷಕ್ಕೆ ನಿಲ್ಲಿಸಿದರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷ ಪೂರೈಸಿದರೆ ಪದವಿ. ಮನೆಯ ಕಷ್ಟದಿಂದ ನಡುವೆ ಓದು ಬಿಡಬೇಕಾದವರ ಕೈ ಖಾಲಿಯಾಗಬಾರದು ಎಂಬ ಒಳ್ಳೆಯ ಕಾಳಜಿ ಅದರ ಹಿಂದಿದೆ. ಇವೆಲ್ಲದಕ್ಕೆ ಮಟ್ಟ ಗುರುತಿಸಲು 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ಮಾಧ್ಯಮ ಮತ್ತು ಮನರಂಜನಾ ಕೌಶಲ ಮಂಡಳಿ ಒಂದೊಂದು ಕೆಲಸಕ್ಕೂ ಏನು ಗೊತ್ತಿರಬೇಕು ಎಂದು ಪಟ್ಟಿ ಮಾಡಿದೆ.

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಸೇರಿದ ಎವಿಜಿಸಿ ವಲಯಕ್ಕಾಗಿ ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ಮಾಡಿತು. ಈಗ 2024ರಿಂದ 2029ರವರೆಗಿನ ಮೂರನೆಯ ನೀತಿ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ 2021ರಲ್ಲಿ ಎವಿಜಿಸಿ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಇವುಗಳ ಸುತ್ತ ಖಾಸಗಿ ತರಬೇತಿ ಕೇಂದ್ರಗಳ ದೊಡ್ಡ ಸಂತೆಯೇ ಇದೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆರು ತಿಂಗಳು ಸಾಫ್ಟ್‌ವೇರ್ ಗುಂಡಿಗಳನ್ನು ತೋರಿಸಿ ಲಕ್ಷಗಟ್ಟಲೆ ಶುಲ್ಕ ಪಡೆಯುವವೂ ಇವೆ.

ಹೀಗೆ ದಾರಿಗಳಿಗೆ ಕೊರತೆಯಿಲ್ಲ. ಆದರೆ ಒಟ್ಟು ವೃತ್ತಿಶಿಕ್ಷಣದ ಬುಡವೇ ನಮ್ಮಲ್ಲಿ ತೆಳ್ಳಗಿದೆ. 12ನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವಂತೆ, 19ರಿಂದ 24 ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಈ ಪ್ರಮಾಣ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ‘ಓದು ತಲೆಗೆ ಹತ್ತದವರು ಐಟಿಐಗೆ ಹೋಗುತ್ತಾರೆ’ ಎಂಬ ನಮ್ಮ ಹಳೆಯ ತಾತ್ಸಾರ ಈ ಅಂಕಿಗಳಲ್ಲಿ ಕಾಣಿಸುತ್ತದೆ.

ನಿಜಕ್ಕೂ ಕಲಿಯುವುದೇನು?

ಮೊಬೈಲಿನಲ್ಲೇ ಚಿತ್ರ ತೆಗೆದು, ಕತ್ತರಿಸಿ, ಜಗತ್ತಿಗೆ ತೋರಿಸಬಹುದಾದ ಈ ಕಾಲದಲ್ಲಿ ಎರಡು ಮೂರು ವರ್ಷ ಕೂತು ಕಲಿಯುವುದೇನಿದೆ? ಉತ್ತರ, ನಿರ್ಮಾಣದ ಹಂತಗಳಲ್ಲಿದೆ.

ಶೂಟಿಂಗ್‌ಗೆ ಮೊದಲಿನ ಹಂತದಲ್ಲಿ ಹುಡುಗರು ಕಲಿಯುವುದು ಯೋಚನೆಯನ್ನು ಕಾಗದಕ್ಕಿಳಿಸುವುದನ್ನು. ಚಿತ್ರಕಥೆ, ಸ್ಟೋರಿಬೋರ್ಡ್, ಶಾಟ್ ಪಟ್ಟಿ, ಬಜೆಟ್, ಸ್ಥಳ ನೋಡಿ ಬರುವುದು, ಅನುಮತಿ ಪತ್ರ, ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು ಎಂಬ ಕಾಲ್‌ಶೀಟ್. ಇದರಲ್ಲಿ ಆಕರ್ಷಣೆ ಕಡಿಮೆ, ಆದರೆ ಮೊದಲ ಚಿತ್ರಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲಿನ ಆಲಸ್ಯದಿಂದ. ಶೂಟಿಂಗ್‌ನಲ್ಲಿ ಬೆಳಕಿನ ಅಳತೆ, ಲೆನ್ಸ್‌ನ ಆಯ್ಕೆ, ಪಾತ್ರಗಳ ನೋಟದ ದಿಕ್ಕು ತಪ್ಪದಂತೆ ಕ್ಯಾಮೆರಾ ಇಡುವ ಜಾಗ, ದೃಶ್ಯದಿಂದ ದೃಶ್ಯಕ್ಕೆ ಉಡುಗೆ ತೊಡುಗೆಯ ಸಾತತ್ಯ. ಶಬ್ದವನ್ನು ಹೊಸಬರು ಯಾವಾಗಲೂ ಕಡೆಗಣಿಸುತ್ತಾರೆ. ಮಸುಕಾದ ಚಿತ್ರವನ್ನು ನೋಡುಗರು ಸಹಿಸಿಕೊಳ್ಳುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಯಾರೂ ಮಾತಾಡದೆ ಇದ್ದಾಗಿನ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಮುದ್ರಿಸಿಕೊಳ್ಳಬೇಕು. ಎಡಿಟಿಂಗ್‌ನಲ್ಲಿ ಸಂಭಾಷಣೆಗಳ ನಡುವಿನ ಸಂದು ಮುಚ್ಚುವುದು ಅದರಿಂದಲೇ. ಈ ಸಣ್ಣ ಸಂಗತಿಯನ್ನು ತಾವಾಗಿ ಕಂಡುಕೊಳ್ಳಲು ಅನೇಕರಿಗೆ ವರ್ಷಗಳು ಬೇಕಾಗುತ್ತವೆ, ಶಿಕ್ಷಕರು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ.

ಆಮೇಲೆ ಎಡಿಟಿಂಗ್, ಡಬ್ಬಿಂಗ್, ಬಣ್ಣ ತಿದ್ದುವುದು, ಮಿಕ್ಸಿಂಗ್, ಫೈಲುಗಳನ್ನು ಎರಡು ಮೂರು ಕಡೆ ಕಾಪಿ ಮಾಡಿಡುವ ಶಿಸ್ತು. ಜೊತೆಗೆ ಕಾನೂನು: ಇನ್ನೊಬ್ಬರ ಹಾಡನ್ನು ಬಳಸುವ ಹಕ್ಕು, ಚಿತ್ರಿಸಿಕೊಂಡವರ ಒಪ್ಪಿಗೆ, ಮಕ್ಕಳ ಮುಖ ತೋರಿಸುವಾಗಿನ ಎಚ್ಚರ.

ಇವೆಲ್ಲಕ್ಕಿಂತ ದೊಡ್ಡದು ತಂಡದಲ್ಲಿ ದುಡಿಯುವ ವಿದ್ಯೆ. ಒಂಟಿಯಾಗಿ ವಿಡಿಯೊ ಮಾಡಿ ಬೆಳೆದ ಹುಡುಗನಿಗೆ, ಈ ವಾರ ನೀನು ನಿರ್ದೇಶಕ, ಮುಂದಿನ ವಾರ ಗೆಳತಿಯ ಚಿತ್ರಕ್ಕೆ ಬೂಮ್ ಮೈಕ್ ಹಿಡಿಯುವವನು ಎಂದು ಹೇಳಿ ಮಾಡಿಸುವುದು ಕಾಲೇಜಿನಲ್ಲಿ ಮಾತ್ರ ಸಾಧ್ಯ. ವೃತ್ತಿಯ ಯೂನಿಟ್‌ನಲ್ಲಿ ಹೊಸಬ ತಪ್ಪು ಮಾಡಿದರೆ ನಿರ್ಮಾಪಕರ ಹಣ ಹೋಗುತ್ತದೆ. ಆದ್ದರಿಂದ ಅವನ ಕೈಗೆ ದೊಡ್ಡ ಕೆಲಸ ಬರುವುದು ತಡ. ಕಾಲೇಜು ಕೊಡುವ ಬೆಲೆಬಾಳುವ ವಸ್ತುವೆಂದರೆ ತಪ್ಪು ಮಾಡಲು ಸಿಗುವ ಈ ಅವಕಾಶ.

ಹೊರಗಿನ ಎರಡು ಮಾದರಿಗಳು

ಇಂಗ್ಲೆಂಡಿನಲ್ಲಿ 16 ವರ್ಷ ದಾಟಿದವರು ವಿಷಯವಾರು ಪರೀಕ್ಷೆಗಳ ಎ ಲೆವೆಲ್ ಓದಬಹುದು, ಇಲ್ಲವೇ ಕಾಲೇಜಿನಲ್ಲಿ ಬಿಟೆಕ್ ಎಂಬ ವೃತ್ತಿ ಅರ್ಹತೆ ಪಡೆಯಬಹುದು. 1980ರ ದಶಕದಲ್ಲಿ ರೂಪುಗೊಂಡ ಈ ಅರ್ಹತೆಗೂ ನಮ್ಮ ಎಂಜಿನಿಯರಿಂಗ್ ಪದವಿಗೂ ಸಂಬಂಧವಿಲ್ಲ. ಸೃಜನಶೀಲ ಮಾಧ್ಯಮ ನಿರ್ಮಾಣ ಅಲ್ಲಿನ ಜನಪ್ರಿಯ ವಿಷಯಗಳಲ್ಲಿ ಒಂದು. ಕೋರ್ಸ್ ಬಹುಪಾಲು ‘ಬ್ರೀಫ್’ಗಳ ಮೇಲೆ ನಡೆಯುತ್ತದೆ: ಒಬ್ಬ ಗಿರಾಕಿಗೆ ಇಂಥ ವಯಸ್ಸಿನ ನೋಡುಗರಿಗಾಗಿ ಇಷ್ಟು ನಿಮಿಷದ ಚಿತ್ರ ಬೇಕು, ಇಂಥ ದಿನಕ್ಕೆ ಬೇಕು. ವಿದ್ಯಾರ್ಥಿ ಯೋಜನೆಯ ಕಡತ, ಮುಗಿದ ಚಿತ್ರ, ತನ್ನ ಕೆಲಸದ ಬಗ್ಗೆ ತಾನೇ ಬರೆದ ವಿಮರ್ಶೆ ಮೂರನ್ನೂ ಒಪ್ಪಿಸಬೇಕು. ಪಾಸ್, ಮೆರಿಟ್, ಡಿಸ್ಟಿಂಕ್ಷನ್ ಎಂದು ಅದಕ್ಕೆ ದರ್ಜೆ. ಇದರ ದೊಡ್ಡ ಡಿಪ್ಲೊಮಾ ಮೂರು ಎ ಲೆವೆಲ್‌ಗಳಿಗೆ ಸಮ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಬಾಗಿಲು ತೆರೆದಿರುತ್ತದೆ.

ಅಲ್ಲೂ ಎಲ್ಲವೂ ಸರಿಯಿಲ್ಲ. 2011ರಲ್ಲಿ ಶಿಕ್ಷಣ ತಜ್ಞೆ ಅಲಿಸನ್ ವುಲ್ಫ್ ಸರ್ಕಾರಕ್ಕೆ ಸಲ್ಲಿಸಿದ ವರದಿ, 16ರಿಂದ 19 ವಯಸ್ಸಿನ ಕನಿಷ್ಠ 3,50,000 ಮಂದಿಗೆ ತಾವು ಓದುತ್ತಿರುವುದರಿಂದ ಹೆಚ್ಚಿನ ಪ್ರಯೋಜನವಾಗುತ್ತಿಲ್ಲ ಎಂದು ಇಡೀ ವೃತ್ತಿಶಿಕ್ಷಣ ವ್ಯವಸ್ಥೆಯನ್ನು ಎಚ್ಚರಿಸಿತು. ಆ ಬಳಿಕ 2020ರಿಂದ ಟಿ ಲೆವೆಲ್ ಎಂಬ ಹೊಸ ಅರ್ಹತೆ ಬಂತು. ಅದರಲ್ಲಿ ಕನಿಷ್ಠ 315 ಗಂಟೆ ಉದ್ಯಮದಲ್ಲಿ ದುಡಿಯಲೇಬೇಕು. ಮಾಧ್ಯಮ, ಪ್ರಸಾರ ಮತ್ತು ನಿರ್ಮಾಣದ ಟಿ ಲೆವೆಲ್ 2024ರಲ್ಲಿ ಶುರುವಾಯಿತು. ಕಾಲೇಜಿನೊಳಗೆ ನಕಲಿ ಗಿರಾಕಿಗಾಗಿ ಮಾಡಿದ ಕೆಲಸ ಸಾಲದು, ನಿಜವಾದ ಕೆಲಸದ ಜಾಗವೂ ಬೇಕು ಎಂಬ ಅರಿವು ಇದರ ಹಿಂದಿದೆ.

ಜರ್ಮನಿ ಈ ಅರಿವಿನಿಂದಲೇ ಆರಂಭಿಸುತ್ತದೆ. ಚಿತ್ರ ಮತ್ತು ಧ್ವನಿಯ ಮಾಧ್ಯಮ ವಿನ್ಯಾಸಕ ಎಂಬ ವೃತ್ತಿಗೆ ಅಲ್ಲಿ 1996ರಿಂದ ಮೂರು ವರ್ಷದ ಅಪ್ರೆಂಟಿಸ್ ತರಬೇತಿ ಇದೆ. ವಿದ್ಯಾರ್ಥಿ ಟಿವಿ ವಾಹಿನಿಯಲ್ಲೋ ನಿರ್ಮಾಣ ಸಂಸ್ಥೆಯಲ್ಲೋ ದುಡಿಯುತ್ತ, ನಡುನಡುವೆ ವೃತ್ತಿಶಾಲೆಗೆ ಹೋಗುತ್ತಾನೆ. ಸಂಸ್ಥೆ ಅವನಿಗೆ ಭತ್ಯೆ ಕೊಡುತ್ತದೆ. ಮೂರ್ತಿಯವರು ಡಿಪ್ಲೊಮಾ ಮುಗಿಸಿ ಮುಂಬೈಯಲ್ಲಿ ಸ್ವಂತ ಹಣೆಬರಹದ ಮೇಲೆ ಹುಡುಕಿಕೊಂಡ ಆರು ವರ್ಷಗಳನ್ನು, ಜರ್ಮನಿ ಕಾನೂನಿನೊಳಗೆ ಕೋರ್ಸ್‌ನ ಭಾಗವಾಗಿ ತಂದುಕೊಂಡಿದೆ.

ನಮ್ಮಲ್ಲಿ ಎಲ್ಲಿ ಕೊರತೆ?

ಮೊದಲ ಕೊರತೆ ಮೌಲ್ಯಮಾಪನದ್ದು. ಕ್ಯಾಮೆರಾ ಶಟರ್‌ನ ಬಗ್ಗೆ ಹತ್ತು ಅಂಕದ ಟಿಪ್ಪಣಿ ಬರೆಸಿ, ಕೊನೆಗೆ ಒಂದು ವೈವಾ ಮಾಡಿ ಮುಗಿಸಿದರೆ ವಿದ್ಯಾರ್ಥಿ ಕ್ಯಾಮೆರಾ ಮುಟ್ಟದೆಯೂ ಪಾಸಾಗಬಹುದು. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಅಂಕಪಟ್ಟಿ ಕೇಳುವುದಿಲ್ಲ, ಶೋ ರೀಲ್ ಕೇಳುತ್ತಾರೆ. ಉದ್ಯಮ ಯಾವುದನ್ನು ನೋಡುತ್ತದೋ ಅದಕ್ಕೇ ಕಾಲೇಜು ಅಂಕ ಕೊಡದಿದ್ದರೆ ಮೂರು ವರ್ಷ ವ್ಯರ್ಥ.

ಎರಡನೆಯದು ಶಿಕ್ಷಕರದು. ಇಪ್ಪತ್ತು ವರ್ಷ ಎಡಿಟಿಂಗ್ ಟೇಬಲ್ ಮುಂದೆ ಕೂತವರಿಗೆ ಸ್ನಾತಕೋತ್ತರ ಪದವಿಯಿಲ್ಲ ಎಂಬ ಕಾರಣಕ್ಕೆ ಬೋಧಕ ಹುದ್ದೆ ಸಿಗುವುದಿಲ್ಲ. ಪದವಿ ಇರುವವರಲ್ಲಿ ಅನೇಕರಿಗೆ ಸೆಟ್‌ನ ಅನುಭವ ಇರುವುದಿಲ್ಲ. ಅತಿಥಿ ಉಪನ್ಯಾಸಕರ ಅಲ್ಪ ಸಂಭಾವನೆಗೆ ಒಳ್ಳೆಯ ತಂತ್ರಜ್ಞರು ಬಂದು ನಿಲ್ಲುವುದು ಕಷ್ಟ.

ಮೂರನೆಯದು ಭಾಷೆ. ಸೆಟ್‌ನಲ್ಲಿ ಓಡುವ ಮಾತು ಇಂಗ್ಲಿಷ್ ಪದಗಳನ್ನು ಬೆರೆಸಿಕೊಂಡ ಕನ್ನಡ. ಪುಸ್ತಕ, ಸಾಫ್ಟ್‌ವೇರ್, ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್. ರಾಯಚೂರು, ಚಾಮರಾಜನಗರಗಳ ಸರ್ಕಾರಿ ಶಾಲೆಯಿಂದ ಬಂದ ಹುಡುಗಿಯ ಬಳಿ ಹೇಳಲು ಕಥೆಗಳಿವೆ, ಕಣ್ಣಿದೆ, ಕಿವಿಯಿದೆ. ಪುಸ್ತಕದ ಭಾಷೆ ಅವಳನ್ನು ಮೊದಲ ಸೆಮಿಸ್ಟರ್‌ನಲ್ಲೇ ಹಿಂದಿನ ಬೆಂಚಿಗೆ ತಳ್ಳುತ್ತದೆ. ನೀನಾಸಂ ಕನ್ನಡದಲ್ಲಿ ರಂಗತಂತ್ರ ಕಲಿಸಿ ತೋರಿಸಿದೆ. ಬೆಳಕು, ಧ್ವನಿ, ಸಂಕಲನಗಳ ಪಠ್ಯವನ್ನೂ ಹಾಗೆಯೇ ಕನ್ನಡದಲ್ಲಿ ಸಿದ್ಧಪಡಿಸಬಹುದು. ಶಾಟ್, ಫ್ರೇಮ್, ಮಿಕ್ಸಿಂಗ್ ಎಂಬ ಮಾತುಗಳು ಹಾಗೆಯೇ ಉಳಿದರೂ ಅಡ್ಡಿಯಿಲ್ಲ.

ನಾಲ್ಕನೆಯದು ಸುರಕ್ಷತೆ. ಕೇರಳದ ಹೇಮಾ ಸಮಿತಿ ವರದಿ 2024ರಲ್ಲಿ ಬಹಿರಂಗವಾದ ಮೇಲೆ, ಚಿತ್ರೋದ್ಯಮದಲ್ಲಿ ಮಹಿಳೆಯರ ಸ್ಥಿತಿಯ ಬಗ್ಗೆ ಕರ್ನಾಟಕದಲ್ಲೂ ಗಟ್ಟಿಯಾದ ದನಿಗಳು ಎದ್ದವು. ಕ್ಯಾಮೆರಾ, ಧ್ವನಿ, ಬೆಳಕಿನ ವಿಭಾಗಗಳಿಗೆ ಹೆಣ್ಣುಮಕ್ಕಳು ಬರಬೇಕಾದರೆ ಹಾಸ್ಟೆಲ್, ರಾತ್ರಿ ಶೂಟಿಂಗ್‌ನ ಸಾರಿಗೆ, ದೂರು ಸಮಿತಿ ಇವು ಕೋರ್ಸ್‌ನ ಮೊದಲ ದಿನದಿಂದ ಇರಬೇಕು. ತಮ್ಮ ಹಕ್ಕುಗಳೇನು, ಕರಾರಿನಲ್ಲಿ ಏನಿರಬೇಕು ಎಂಬುದು ಹುಡುಗ ಹುಡುಗಿಯರಿಬ್ಬರಿಗೂ ಪಾಠವಾಗಬೇಕು.

ಯಂತ್ರ ಬದಲಾಗುತ್ತದೆ

ಈ ಕ್ಷೇತ್ರದಲ್ಲಿ ಸಾಧನಗಳ ಆಯಸ್ಸು ಕಡಿಮೆ. 2013ರಲ್ಲಿ ಫ್ಯೂಜಿಫಿಲ್ಮ್ ಸಿನಿಮಾ ನೆಗೆಟಿವ್ ತಯಾರಿಕೆ ನಿಲ್ಲಿಸಿತು. ಒಂದು ಪೀಳಿಗೆಯ ಅನಿಮೇಷನ್ ವಿದ್ಯಾರ್ಥಿಗಳು ಕಲಿತ ಫ್ಲ್ಯಾಶ್ ತಂತ್ರಾಂಶದ ಪ್ಲೇಯರ್ 2020ರ ಡಿಸೆಂಬರ್‌ಗೆ ಕೊನೆಯಾಯಿತು. ಈಗ ಮಾತು ಬರೆದುಕೊಟ್ಟರೆ ಚಿತ್ರವನ್ನೇ ಮಾಡಿಕೊಡುವ ಕೃತಕ ಬುದ್ಧಿಮತ್ತೆ ಬಂದಿದೆ. ವಿಷುವಲ್ ಎಫೆಕ್ಟ್ಸ್ ಸ್ಟುಡಿಯೊಗಳಲ್ಲಿ ಹೊಸಬರಿಗೆ ಮೊದಲು ಸಿಗುವ ಕೆಲಸ, ಅಂದರೆ ಚಿತ್ರದಿಂದ ಚಿತ್ರಕ್ಕೆ ಆಕೃತಿಯ ಅಂಚು ಬಿಡಿಸುವ ರೋಟೊ ಮತ್ತು ಬೇಡದ್ದನ್ನು ಅಳಿಸುವ ಪೇಂಟ್, ಯಂತ್ರಕ್ಕೆ ಸುಲಭವಾಗಿ ಒಲಿಯುವ ಕೆಲಸವೂ ಹೌದು. ಒಂದೇ ಸಾಫ್ಟ್‌ವೇರ್‌ನ ಗುಂಡಿಗಳನ್ನಷ್ಟೇ ಕಲಿಸುವ ಕೋರ್ಸ್‌ಗಳು ಈ ಅಲೆಯಲ್ಲಿ ಉಳಿಯಲಾರವು.

ಉಳಿಯುವುದು ಬೆಳಕನ್ನು ಓದುವ ಕಣ್ಣು, ಯಾವ ಕ್ಷಣದಲ್ಲಿ ಕತ್ತರಿಸಬೇಕೆಂಬ ತೀರ್ಮಾನ, ಎದುರಿನ ಮನುಷ್ಯನ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ, ತೋರಿಸುತ್ತಿರುವುದು ನಿಜವೇ ಎಂಬ ಹೊಣೆ. 1940ರ ದಶಕದಲ್ಲಿ ಕಪ್ಪುಬಿಳುಪು ಫಿಲ್ಮ್ ಮೇಲೆ ಕಲಿತವರು ಸಿನಿಮಾಸ್ಕೋಪ್, ಬಣ್ಣ, ಟಿವಿ ಧಾರಾವಾಹಿ ಎಲ್ಲಕ್ಕೂ ಹೊಂದಿಕೊಂಡದ್ದು ಈ ಬುನಾದಿಯ ಬಲದಿಂದ. ಆದ್ದರಿಂದ ಬಿ.ವೋಕ್.ನಲ್ಲಿ ಸಾಮಾನ್ಯ ಶಿಕ್ಷಣಕ್ಕಿಟ್ಟ ಶೇ 40ರಷ್ಟು ಭಾಗವನ್ನು ಹೊರೆ ಎಂದು ಎಣಿಸಬಾರದು. ಸಾಹಿತ್ಯ, ಇತಿಹಾಸ, ಸಂಗೀತ, ಭೌತಶಾಸ್ತ್ರ ಇವು ಮಾಧ್ಯಮದವರ ದಿನನಿತ್ಯದ ಸಾಮಗ್ರಿ.

ಆಗಬೇಕಾದದ್ದು

ಕೋರ್ಸ್ ಆರಿಸುವ ವಿದ್ಯಾರ್ಥಿಗಳೂ ಪೋಷಕರೂ ಕಟ್ಟಡ, ಜಾಹೀರಾತು ನೋಡುವ ಮೊದಲು ನಾಲ್ಕು ಪ್ರಶ್ನೆ ಕೇಳಲಿ. ಹಿಂದಿನ ವರ್ಷದ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ತೋರಿಸುತ್ತೀರಾ? ಒಂದು ಕ್ಯಾಮೆರಾಗೆ ಎಷ್ಟು ವಿದ್ಯಾರ್ಥಿಗಳು, ತರಗತಿಯ ಹೊತ್ತು ಮುಗಿದ ಮೇಲೂ ಅದು ಸಿಗುತ್ತದೆಯೇ? ಪಾಠ ಮಾಡುವವರು ಯಾವ ಯಾವ ಕೆಲಸ ಮಾಡಿದ್ದಾರೆ? ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ದಿನ, ಭತ್ಯೆ ಇದೆಯೇ? ಇವಕ್ಕೆ ನೇರ ಉತ್ತರ ಸಿಗದ ಕಡೆ ಶುಲ್ಕ ಕಟ್ಟುವ ಅಗತ್ಯವಿಲ್ಲ.

ಸರ್ಕಾರ ಮಾಡಬೇಕಾದದ್ದೂ ಸ್ಪಷ್ಟವಾಗಿದೆ. ಡಿಪ್ಲೊಮಾ ಅಂಕಗಳ ದೊಡ್ಡ ಪಾಲನ್ನು ಮುಗಿದ ಚಿತ್ರ, ಧ್ವನಿಮುದ್ರಿಕೆ, ಅನಿಮೇಷನ್‌ಗೆ ಕೊಡಬೇಕು. ತೀರ್ಪುಗಾರರಲ್ಲಿ ವೃತ್ತಿಯವರು ಇರಬೇಕು. ಅನುಭವಿ ತಂತ್ರಜ್ಞರನ್ನು ಪದವಿಯ ಷರತ್ತಿಲ್ಲದೆ ಬೋಧನೆಗೆ ತರಬೇಕು. ಸರ್ಕಾರದ ಸಹಾಯಧನ ಪಡೆಯುವ ಪ್ರತಿ ಚಿತ್ರವೂ ಸರ್ಕಾರಿ ಸಂಸ್ಥೆಗಳ ಕೆಲವು ವಿದ್ಯಾರ್ಥಿಗಳನ್ನು ಭತ್ಯೆ ಕೊಟ್ಟು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳಬೇಕೆಂಬ ನಿಯಮ ಮಾಡಿದರೆ ಮುಹೂರ್ತದಿಂದ ಕುಂಬಳಕಾಯಿ ಒಡೆಯುವವರೆಗಿನ ಇಡೀ ಕೆಲಸ ಅವರ ಕಣ್ಣೆದುರು ನಡೆಯುತ್ತದೆ. ಬೆಂಗಳೂರಿನ ಸುತ್ತಲೇ ಗಿರಕಿ ಹೊಡೆಯುತ್ತಿರುವ ಸೌಲಭ್ಯಗಳನ್ನು ಕಲಬುರಗಿ, ಧಾರವಾಡ, ಮಂಗಳೂರುಗಳ ಪಾಲಿಟೆಕ್ನಿಕ್‌ಗಳಿಗೂ ಮುಟ್ಟಿಸಬೇಕು.

ಯುದ್ಧದ ಅಭಾವದ ನಡುವೆ, 1943ರಲ್ಲಿ, ಇಂಥ ಕೋರ್ಸ್ ತೆರೆಯುವ ಧೈರ್ಯ ಈ ನೆಲಕ್ಕಿತ್ತು. ಇಂದು ಹಣವೂ ಉದ್ಯಮವೂ ನಮ್ಮ ಬಳಿಯಿವೆ. ಕಲಿಯಲು ಕಾದಿರುವ ಮಕ್ಕಳೂ ಇದ್ದಾರೆ. ಅವರ ಕೈಗೆ ಮೊದಲ ವಾರವೇ ಕ್ಯಾಮೆರಾ ಕೊಟ್ಟು, ಕೊನೆಯ ವಾರ ಅವರ ಕೆಲಸವನ್ನು ಊರ ಜನರ ಮುಂದಿಟ್ಟು ಅಳೆಯುವ ವ್ಯವಸ್ಥೆಯನ್ನು ಕಟ್ಟಲು ನಾವು ಇನ್ನು ತಡಮಾಡಬಾರದು.